ಬೇಳೆಗೆ ಊರ ಹೆಸರು, ಬೇಳೆ ಒಡೆದವರಿಗೆ?

ಚರಿತ್ರೆಯನ್ನು ಬರೆದವರು ಯಾರು ಎಂದು ದಲಿತ ವಿಮರ್ಶೆ ಕೇಳುತ್ತಲೇ ಬಂದಿದೆ. ಕಾವ್ಯಕ್ಕೆ, ಪುರಾಣಕ್ಕೆ, ಶಾಸನಗಳಿಗೆ ಕೇಳಿದಷ್ಟು ಈ ಪ್ರಶ್ನೆಯನ್ನು ನಾವು ಉಣ್ಣುವ ಅನ್ನಕ್ಕೆ ಕೇಳಿಲ್ಲ. ಇಲ್ಲಿ ತೊಗರಿ ಬೇಳೆಗೆ ಕೇಳಬೇಕೆಂದಿದ್ದೇನೆ.

ಊರಿನ ಹೆಸರೇ ಸರಕಿನ ಹೆಸರಾಗುವುದು ನಮ್ಮ ಶಹಾಬಾದಿನವರಿಗೆ ಹೊಸದಲ್ಲ. ಮಹಾರಾಷ್ಟ್ರದ ಮನೆಮನೆಯಲ್ಲಿ ಶಹಾಬಾದಿ ಫರಸಿ ಹಾಸಿದೆ. ಕಲ್ಲಿನ ಹೆಸರು ಎಲ್ಲರಿಗೂ ಗೊತ್ತು, ಖಣಿಯಲ್ಲಿ ಅದನ್ನು ಎಬ್ಬಿಸಿದ ಒಡ್ಡರು, ದಲಿತರು ಯಾರಿಗೂ ಗೊತ್ತಿಲ್ಲ. ಇದೇ ಸುಣ್ಣಗಲ್ಲಿನ ಸೀಮೆಯ ಚಿತ್ತಾಪುರ, ಸೇಡಂ, ಚಿಂಚೋಳಿಯ ಹೊಲಗಳಲ್ಲಿ ತೊಗರಿ ಬೆಳೆಯುತ್ತದೆ. 2019ರಲ್ಲಿ ‘ಗುಲ್ಬರ್ಗ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ನಮ್ಮ ಕಡೆ ಎಲ್ಲರೂ ಹಿಗ್ಗಿದರು. ನಾನೂ ಹಿಗ್ಗಿದೆ. ಆಮೇಲೆ ಕಾಯ್ದೆ ಓದಿದೆ.

ಇದರ ಬೇರು 1995ರಲ್ಲಿ ಹುಟ್ಟಿದ ವಿಶ್ವ ವಾಣಿಜ್ಯ ಸಂಘಟನೆಯ ಟ್ರಿಪ್ಸ್ ಒಪ್ಪಂದದಲ್ಲಿದೆ. ಅದರ 22ನೇ ವಿಧಿ ಎಲ್ಲ ಸರಕಿನ ಊರ ಹೆಸರಿಗೂ ರಕ್ಷಣೆ ಕೊಟ್ಟಿತು. 23ನೇ ವಿಧಿ ದ್ರಾಕ್ಷಾರಸಕ್ಕೆ, ಮದ್ಯಕ್ಕೆ ಮಾತ್ರ ಹೆಚ್ಚಿನ ರಕ್ಷಣೆ ಕೊಟ್ಟಿತು. ಭಾರತ 1999ರಲ್ಲಿ ಕಾಯ್ದೆ ಮಾಡಿ 2003ರಲ್ಲಿ ಜಾರಿಗೆ ತಂದಿತು.

ಕಾಯ್ದೆಯ 2ನೇ ಕಲಂ ‘ಉತ್ಪಾದಕ’ ಯಾರೆಂದು ಹೇಳುತ್ತದೆ. ಕೃಷಿ ಸರಕಾದರೆ ಅದನ್ನು ಉತ್ಪಾದಿಸುವವರು. ಜೊತೆಗೆ ಅದನ್ನು ಸಂಸ್ಕರಿಸುವವರು, ಪೊಟ್ಟಣ ಕಟ್ಟುವವರು, ವ್ಯಾಪಾರ ಮಾಡುವವರು. ಗಂಜಿನ ಅಡತಿಯವನಿಗೆ, ದಾಲ್‌ಮಿಲ್ ಸಾಹುಕಾರನಿಗೆ ಅಲ್ಲಿ ಸ್ಪಷ್ಟವಾಗಿ ಜಾಗ ಇದೆ. ಕಳೆ ತೆಗೆದ, ಕೊಯ್ದ, ರಾಶಿ ಮಾಡಿದ ಕೂಲಿ ಹೆಣ್ಣುಮಗಳ ಮಾತಿಲ್ಲ.

ಇದು ಹಳೆಯ ಕಥೆಯೇ. ಹೈದರಾಬಾದ್ ಸಂಸ್ಥಾನದಲ್ಲಿ 1949ರಲ್ಲಿ ಜಾಗೀರು ರದ್ದಾಯಿತು, 1950ರಲ್ಲಿ ಗೇಣಿ ಕಾಯ್ದೆ ಬಂತು. ಗೇಣಿದಾರನಿಗೆ ಹಕ್ಕು ಕೇಳಲು ದಾರಿಯಾಯಿತು. ಗೇಣಿಯೂ ಇಲ್ಲದ ಬಿಟ್ಟಿ ಆಳಿಗೆ ಏನು ಬಂತು?

ನಮ್ಮವ್ವ ಬ್ಯಾಳಿ ಮಾಡುತ್ತಿದ್ದಳು. ತೊಗರಿ ನೆನೆಹಾಕಿ, ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು, ಮರದಲ್ಲಿ ಕೇರಬೇಕು. ಎಷ್ಟು ಹೊತ್ತು ನೆನೀಬೇಕು ಅಂತ ಕೇಳಿದರೆ, “ಕಾಳು ಹಿಚುಕಿದ್ರ ಬೆರಳಿಗೇ ತಿಳೀತದ ತಮ್ಮಾ” ಅನ್ನುತ್ತಿದ್ದಳು. ಊರ ದೊಡ್ಡ ಮನೆಗೆ ಒಡೆದು ಕೊಟ್ಟರೆ ಕೂಲಿ ಅಂತ ನುಚ್ಚು ಸಿಗುತ್ತಿತ್ತು. “ನಾ ಒಡದ ಬ್ಯಾಳಿ ಅವರ ಅಡಗಿಮನಿಗೆ ಹೋಗ್ತಿತ್ತು. ನಾ ಹೊಸ್ತಿಲ ಹೊರಗ ನಿಂದರ್ತಿದ್ದೆ.” ಹಸಿ ಬೇಳೆಗೆ ಮೈಲಿಗೆ ಇರಲಿಲ್ಲ. ಅದನ್ನೇ ಅವ್ವ ಬೇಯಿಸಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ.

2002ರ ಜಿಐ ನಿಯಮಗಳ ಪ್ರಕಾರ ಅರ್ಜಿಯಲ್ಲಿ ಸರಕಿನ ಮೂಲಕ್ಕೆ ಪುರಾವೆ ಕೊಡಬೇಕು. ಮನುಷ್ಯರ ವಿಶೇಷ ಕೌಶಲವನ್ನು ಅಥವಾ ಆ ಪ್ರದೇಶದ ವೈಶಿಷ್ಟ್ಯವನ್ನು ವಿವರಿಸಬೇಕು. ಅಂದರೆ ಜಿಐ ಅರ್ಜಿಯೂ ಒಂದು ಚರಿತ್ರೆಯ ಬರಹವೇ. ಆ ‘ಅಥವಾ’ ಎಂಬ ಮಾತಿನಲ್ಲಿ ಮಣ್ಣಿನ ಗುಣ ಹೇಳಿ ಕೈಗಳನ್ನು ಬಿಟ್ಟುಬಿಡಲು ಅವಕಾಶವಿದೆ. ಪುರಾವೆ ಎಂದರೆ ಗೆಜೆಟಿಯರು, ದಫ್ತರು. ತಲೆತಲಾಂತರ ಅಕ್ಷರ ನಿರಾಕರಿಸಿದವರ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಬೆರಳಿನ ತಿಳಿವಳಿಕೆಗೆ ದಫ್ತರಿನಲ್ಲಿ ಕಾಲಂ ಇಲ್ಲ.

ಹಾಗಂತ ಜಿಐ ಬೇಡ ಎನ್ನುವ ಹುಂಬತನ ನನಗಿಲ್ಲ. 24ನೇ ಕಲಮಿನ ಪ್ರಕಾರ ಈ ಹಕ್ಕನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಹೊಲದ ಹಾಗೆ ಸಾಹುಕಾರನ ಕೈಗೆ ಹೋಗುವಂಥದ್ದಲ್ಲ. ಆ ಹೆಸರು ಬಳಸಲು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. ಅದರ ಅರ್ಜಿ ಶುಲ್ಕ 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಯಿತು. ಆದರೆ ಪಹಣಿಯಲ್ಲಿ ಹೆಸರಿಲ್ಲದವಳು ತಾನು ಉತ್ಪಾದಕಿ ಎಂದು ಯಾವ ಕಾಗದ ತೋರಿಸಬೇಕು?

ಇಲ್ಲಿಯೇ ನಮ್ಮ ಕೆಲಸ ಇದೆ. ಮಿಲ್ಲನ್ನು ಒಳಗೆ ಬಿಟ್ಟ ‘ಸಂಸ್ಕರಿಸುವವರು’ ಎಂಬ ಮಾತಿನಿಂದಲೇ ಬೀಸುಕಲ್ಲೂ ಒಳಗೆ ಬರಬಹುದು. ಕೇರಿಯ ಹೆಣ್ಣುಮಕ್ಕಳ ಸಂಘಗಳು ಅರ್ಜಿ ಹಾಕಲಿ. ಬ್ಯಾಳಿ ಒಡೆದ ಅವ್ವಂದಿರ ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ಬರೆದಿಟ್ಟುಕೊಳ್ಳಲಿ. ಜಿಐ ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ ನಮ್ಮ ಪುರಾವೆ ನಮ್ಮ ಕೈಯಲ್ಲಿರಬೇಕು.