ದೀರ್ಘಾವಧಿ ಆರೈಕೆ ವಿಮೆ ಮತ್ತು ಆಸ್ತಿರಕ್ಷಣೆ: ಅಮೆರಿಕದ ಸಹಭಾಗಿತ್ವ ಯೋಜನೆ ಕುರಿತು ಒಂದು ಟಿಪ್ಪಣಿ

ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಇದೆ. ಆದರೆ ಇಳಿವಯಸ್ಸಿನಲ್ಲಿ ಮೀಯಿಸಲು, ಬಟ್ಟೆ ತೊಡಿಸಲು, ಉಣಿಸಲು ವರ್ಷಗಟ್ಟಲೆ ಬೇಕಾಗುವ ನೆರವಿನ ಖರ್ಚನ್ನು ಅದು ಕೊಡುವುದಿಲ್ಲ. ಆಸ್ಪತ್ರೆಯಿಂದ ಬಂದವರ ನುರಿತ ಶುಶ್ರೂಷೆಗೆ ಹೆಚ್ಚೆಂದರೆ 100 ದಿನ ನೆರವಾಗುತ್ತದೆ. ಮುಂದಿನ ಆಸರೆ ಮೆಡಿಕೇಡ್. ಅದು ಬಡವರ ಯೋಜನೆ. ಬಹುತೇಕ ರಾಜ್ಯಗಳಲ್ಲಿ ಒಂಟಿ ಅರ್ಜಿದಾರರ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ಮೀರಿರಬಾರದು. ಹಾಗಾಗಿ ಮಧ್ಯಮ ವರ್ಗದವರು ಜೀವಮಾನದ ಉಳಿತಾಯವೆಲ್ಲ ಕರಗಿದ ಮೇಲಷ್ಟೇ ಅದಕ್ಕೆ ಅರ್ಹರಾಗುತ್ತಾರೆ.

ಈ ಇಕ್ಕಟ್ಟಿಗೆ ಪರಿಹಾರವಾಗಿ ಬಂದದ್ದು ಖಾಸಗಿ ವಿಮೆಯನ್ನೂ ಮೆಡಿಕೇಡನ್ನೂ ಬೆಸೆಯುವ ಸಹಭಾಗಿತ್ವ ಯೋಜನೆ. ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನದ ಧನಸಹಾಯದಿಂದ ರೂಪುಗೊಂಡ ಅದು 1990ರ ದಶಕದ ಆರಂಭದಲ್ಲಿ ಕನೆಕ್ಟಿಕಟ್, ಇಂಡಿಯಾನಾ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ಜಾರಿಗೆ ಬಂತು. ಹೊಸದಾಗಿ ಸೇರುವ ರಾಜ್ಯಗಳು ಪಾಲಿಸಿದಾರರ ಮರಣಾನಂತರ ಅವರ ಆಸ್ತಿಯಿಂದ ಮೆಡಿಕೇಡ್ ಖರ್ಚನ್ನು ವಸೂಲು ಮಾಡಲೇಬೇಕೆಂದು 1993ರ ಕಾಯ್ದೆ ವಿಧಿಸಿತು. ಮಕ್ಕಳಿಗೆ ಉಳಿಯದ ಆಸ್ತಿಗಾಗಿ ಪ್ರೀಮಿಯಂ ಕಟ್ಟುವವರಾರು? ಯೋಜನೆ ಅಲ್ಲಿಗೇ ನಿಂತಿತು. 2006ರ ಫೆಬ್ರವರಿಯಲ್ಲಿ ಜಾರಿಯಾದ ಕೊರತೆ ತಗ್ಗಿಸುವ ಕಾಯ್ದೆ ಎಲ್ಲ ರಾಜ್ಯಗಳಿಗೂ ಮತ್ತೆ ದಾರಿ ತೆರೆಯಿತು.

ಲೆಕ್ಕ ಹೀಗಿದೆ. ವಿಮಾ ಕಂಪನಿ ಆರೈಕೆಗೆ ಎಷ್ಟು ಡಾಲರ್ ಕೊಟ್ಟಿದೆಯೋ ಅಷ್ಟೇ ಮೊತ್ತದ ಆಸ್ತಿಯನ್ನು ಮೆಡಿಕೇಡ್ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಒಬ್ಬ ವಿಧವೆಯ ಬಳಿ 2,50,000 ಡಾಲರ್ ಉಳಿತಾಯವಿದೆ, ಪಾಲಿಸಿಯಿಂದ 2,00,000 ಡಾಲರ್ ಸಂದಾಯವಾಗಿ ಮುಗಿದಿದೆ ಎಂದುಕೊಳ್ಳೋಣ. ಆಕೆ 2,02,000 ಡಾಲರ್ ಇಟ್ಟುಕೊಂಡೇ ಮೆಡಿಕೇಡ್ ಪಡೆಯಬಹುದು. ಕೈಯಿಂದ ಖರ್ಚಾಗಬೇಕಾದದ್ದು 48,000 ಮಾತ್ರ. ಆಕೆಯ ನಂತರವೂ ಆ 2,00,000ದ ಮೇಲೆ ವಸೂಲಿ ಇಲ್ಲ. ರಕ್ಷಣೆ ಇರುವುದು ಆಸ್ತಿಗೆ, ಆದಾಯಕ್ಕಲ್ಲ: ನರ್ಸಿಂಗ್ ಹೋಮ್ ಸೇರಿದರೆ ಆಕೆಯ ಪಿಂಚಣಿ ಸಣ್ಣ ಕೈಖರ್ಚಿನ ಮೊತ್ತ ಬಿಟ್ಟು ಬಹುಪಾಲು ಆರೈಕೆಗೇ ಹೋಗುತ್ತದೆ.

ಹಣದುಬ್ಬರದ ಷರತ್ತೂ ಮುಖ್ಯ. 2006ರ ನಂತರದ ಪಾಲಿಸಿಗಳಲ್ಲಿ, ಕೊಳ್ಳುವಾಗ 61 ತುಂಬಿರದವರಿಗೆ ವರ್ಷವರ್ಷವೂ ಚಕ್ರಬಡ್ಡಿಯಂತೆ ಬೆಳೆಯುವ ಸೌಲಭ್ಯ ಕಡ್ಡಾಯ. 61ರಿಂದ 75ರವರೆಗಿನವರಿಗೆ ಯಾವುದಾದರೊಂದು ಬಗೆಯ ಏರಿಕೆ ಸಾಕು. 76 ತುಂಬಿದವರಿಗೆ ಕಡ್ಡಾಯವಿಲ್ಲ. ಐವತ್ತರಲ್ಲಿ ಕೊಂಡ ಪಾಲಿಸಿ ಎಂಬತ್ತರಲ್ಲಿ ನೆರವಿಗೆ ಬರಬೇಕಾದ್ದರಿಂದ ಈ ನಿಯಮ ಸರಿಯೇ. ಆದರೆ ಪ್ರೀಮಿಯಂ ಏರುವುದೂ ಇದರಿಂದಲೇ, ಮತ್ತು ಅಲ್ಪ ಉಳಿತಾಯದವರು ದೂರ ಸರಿಯುವುದೂ ಇಲ್ಲೇ.

ಸರ್ಕಾರಕ್ಕೆ ಹಣ ಉಳಿಯುತ್ತದೆಂಬ ವಾದ ಮಾತ್ರ ಗಟ್ಟಿಯಾಗಿ ನಿಂತಿಲ್ಲ. ಅಮೆರಿಕ ಸಂಸತ್ತಿನ ಪರಿಶೋಧನಾ ಸಂಸ್ಥೆ ಜಿಎಒ 2007ರ ವರದಿಯಲ್ಲಿ, ಮೆಡಿಕೇಡಿಗೆ ಉಳಿತಾಯವಾಗುವ ಸಂಭವವಿಲ್ಲವೆಂದೇ ಹೇಳಿತು. ಸಮೀಕ್ಷೆಗೆ ಒಳಪಟ್ಟ ಪಾಲಿಸಿದಾರರಲ್ಲಿ ಶೇ. 80ರಷ್ಟು ಮಂದಿ ಈ ಯೋಜನೆ ಇಲ್ಲದಿದ್ದರೂ ಸಾಮಾನ್ಯ ಆರೈಕೆ ವಿಮೆ ಕೊಳ್ಳುತ್ತಿದ್ದವರು. ಅಂಥವರು ವಿಮೆ ಮುಗಿದ ಮೇಲೆ ಸ್ವಂತ ಹಣ ಖರ್ಚುಮಾಡಿ ಮೆಡಿಕೇಡಿಗೆ ತಡವಾಗಿ ಬರುತ್ತಿದ್ದರು. ಈಗ ಬೇಗ ಬರುತ್ತಾರೆ.

ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಒಂದು ಅಂಶ ಸಂಬಂಧಿಸಿದೆ. ಒಂದು ರಾಜ್ಯದಲ್ಲಿ ಗಳಿಸಿದ ಆಸ್ತಿರಕ್ಷಣೆಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡುವ ಪರಸ್ಪರ ಒಪ್ಪಂದವಿದೆ. ಕ್ಯಾಲಿಫೋರ್ನಿಯಾ ಅದರ ಹೊರಗಿದೆ. ನಿವೃತ್ತಿಯ ನಂತರ ಮಕ್ಕಳಿರುವ ಅಲ್ಲಿಗೆ ಹೊರಟರೆ ವಿಮೆಯ ಹಣ ಸಿಕ್ಕೀತು, ಮೆಡಿಕೇಡಿನ ರಿಯಾಯಿತಿ ಜೊತೆಗೆ ಬಾರದು.

ಒಟ್ಟಿನಲ್ಲಿ ಈ ಯೋಜನೆ, ಪ್ರೀಮಿಯಂ ಕಟ್ಟುವ ಶಕ್ತಿಯುಳ್ಳವರ ಆಸ್ತಿಗೆ ಒಳ್ಳೆಯ ಕಾವಲು. ವೃದ್ಧರ ಆರೈಕೆಯ ಸಾರ್ವಜನಿಕ ಹೊರೆಯನ್ನು ಇಳಿಸುವ ಸಾಧನವೆಂದು ಅದನ್ನು ಹೊಗಳಲು ಆಧಾರ ಸಾಲದು.