ಗಡಿ, ಶುಲ್ಕ ಮತ್ತು ಉನ್ನತ ಶಿಕ್ಷಣ: ಯಳವಿಯ ನೆಲೆಯಿಂದ

ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೆ, ಯಳವಿಯನ್ನೊಳಗೊಂಡ ಜತ್ತ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಪ್ರಾಥಮಿಕ ಹಂತಕ್ಕಷ್ಟೇ ಹೇಳಿತು. ಮುಂದಿನ ಹಾದಿಯಲ್ಲಿ ಭಾಷೆಯೊಂದಿಗೆ ಶುಲ್ಕವೂ ಅಡ್ಡ ನಿಂತಿತು.

ಕರ್ನಾಟಕ ಸರ್ಕಾರದ 1989ರ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಬೋಧನಾ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಗಳ ಮಿತಿಯಲ್ಲಿ ನಿಗದಿಪಡಿಸಿತು. ಇಲ್ಲಿ ವರ್ಗೀಕರಣದ ಆಧಾರ ರಾಜ್ಯವೇ ಹೊರತು ಭಾಷೆಯಲ್ಲ. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣವನ್ನು ಹಕ್ಕೆಂದು ಸಾರಿ, ಕ್ಯಾಪಿಟೇಷನ್ ಶುಲ್ಕವನ್ನು ಸಂವಿಧಾನಬಾಹಿರವೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಉಚಿತ ಶಿಕ್ಷಣದ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಸೀಮಿತಗೊಳಿಸಿ, ಆನಂತರದ ಶಿಕ್ಷಣವನ್ನು ಸರ್ಕಾರದ ಆರ್ಥಿಕ ಸಾಮರ್ಥ್ಯಕ್ಕೆ ಬಿಟ್ಟಿತು.

ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಕರ್ನಾಟಕವು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಗಡಿನಾಡ ಕನ್ನಡಿಗರಿಗೂ ಅರ್ಹತೆ ನೀಡಿದೆ. ಭಾಷೆಯನ್ನು ಮಾನ್ಯ ಮಾಡಿದ ಮಹತ್ವದ ಹೆಜ್ಜೆಯಿದು. ಆದರೆ ಅರ್ಹತೆ ದೊರೆತ ಮಾತ್ರಕ್ಕೆ ಬರಪೀಡಿತ ಜತ್ತದ ರೈತ ಕುಟುಂಬವೊಂದಕ್ಕೆ ಶುಲ್ಕ ಭರಿಸುವ ಶಕ್ತಿ ಬಾರದು. ಗಡಿನಾಡಿನ ಶಿಕ್ಷಣದ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.