ಗಂಡನ ಪೆಟ್ಟು: ಸ್ತ್ರೀಪುರುಷರ ಅಭಿಪ್ರಾಯಭೇದ

ಪುಣೆಯ ಉತ್ತರಕ್ಕಿರುವ ಚಾಕಣದ ಕೋಟೆ 1660ರಲ್ಲಿ ಶಾಯಿಸ್ತಾಖಾನನ ಸೈನ್ಯವನ್ನು ಸುಮಾರು ಎರಡು ತಿಂಗಳು ತಡೆದು ನಿಲ್ಲಿಸಿದುದು ಇತಿಹಾಸಪ್ರಸಿದ್ಧ. ಆದರೆ ಮನೆಯೊಳಗೆ ಹೆಂಡತಿಯ ಮೇಲೆ ಬಿದ್ದ ಪೆಟ್ಟಿಗೆ ಯುದ್ಧಚರಿತ್ರೆಯಲ್ಲಿ ಎಡೆಯಿಲ್ಲ. ಪುಣೆಯಲ್ಲಿ 1882ರಲ್ಲಿ ಅಚ್ಚಾದ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ ಎಂಬ ಮರಾಠಿ ಗ್ರಂಥವು, ಹೆಣ್ಣಿನ ಮೇಲೆ ಹೊರಿಸಿದ ದೋಷಗಳು ಗಂಡಿನಲ್ಲಿಲ್ಲವೇ ಎಂದು ಕೇಳಿತು.

ಹೊಡೆತವನ್ನು ಗಂಡಸರು ಸಮರ್ಥಿಸುವರು, ಹೆಂಗಸರು ಖಂಡಿಸುವರು ಎಂದು ಊಹಿಸುವುದು ಸಹಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಈ ಊಹೆಯನ್ನು ಸುಳ್ಳಾಗಿಸುತ್ತವೆ. ಅತ್ತೆಮಾವಂದಿರಿಗೆ ಅಗೌರವ, ಮನೆಮಕ್ಕಳ ಅಲಕ್ಷ್ಯ ಮೊದಲಾದ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡನು ಹೊಡೆಯುವುದು ತಕ್ಕುದೆಂದು 2005–06ರಲ್ಲಿ ನೂರಕ್ಕೆ 54 ಹೆಂಗಸರೂ 51 ಗಂಡಸರೂ ಒಪ್ಪಿದರು. 2019–21ರಲ್ಲಿ 45 ಹೆಂಗಸರು, 44 ಗಂಡಸರು. ಪ್ರದೇಶಭೇದವಾದರೋ ಬಲು ದೊಡ್ಡದು. ಈ ಕಡೆಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 77 ಹೆಂಗಸರು, 82 ಗಂಡಸರು. ಮಹಾರಾಷ್ಟ್ರದ ಹೆಂಗಸರಲ್ಲಿ 44. ಹಿಮಾಚಲ ಪ್ರದೇಶದಲ್ಲಿ ಇಬ್ಬರಲ್ಲಿಯೂ 15ನ್ನು ಮೀರದು.

ಆದುದರಿಂದ ಈ ಭೇದವು ಲಿಂಗಕ್ಕಿಂತ ಹೆಚ್ಚಾಗಿ ಸಮಾಜದ ರೂಢಿಗೆ ಸೇರಿದ್ದು. ಪೆಟ್ಟು ತಿನ್ನುವವಳೇ ಅದನ್ನು ನ್ಯಾಯವೆಂದರೆ ಅದು ಆಕೆಯ ಸ್ವಭಾವವಲ್ಲ, ತವರಿನಲ್ಲಿಯೇ ಕಲಿತ ಪಾಠ. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ ಆಕೆಗೆ ನ್ಯಾಯಾಲಯದ ಬಾಗಿಲನ್ನು ತೆರೆದಿದೆ. ತನಗಾದುದು ಅನ್ಯಾಯವೆಂದು ಮನಗಾಣದ ಹೊರತು ಆಕೆ ಆ ಬಾಗಿಲವರೆಗೆ ನಡೆಯಲಾರಳು. ಇಂದು ಕೆಲಸವನ್ನರಸಿ ಕರ್ನಾಟಕದಿಂದ ಚಾಕಣದ ಕಾರ್ಖಾನೆಗಳತ್ತ ಬರುವ ಕುಟುಂಬದೊಡನೆ ಆ ಪಾಠವೂ ಬರುತ್ತದೆ. ಕಲಿತದ್ದಾದುದರಿಂದಲೇ ಅದನ್ನು ಮರೆಯಲೂ ಸಾಧ್ಯವುಂಟು.